ಕೋಟಿಗೆ ಕಣ್ಣಳತೆ ಸಾಲದು

ಚಳ್ಳಕೆರೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ. ನಮ್ಮ ಸೀಮೆಯ ಹೆಸರು ಹೊರಗೆ ಹೋಗಿರುವುದು ಈ ಎರಡರಿಂದ. ಕಂಬಳಿ ಕುರುಬರು ನೇಯ್ದರು, ರೇಷ್ಮೆ ನೇಕಾರರು ನೇಯ್ದರು. ನಾವು ತೊಗಲು ಹದ ಮಾಡಿದವರು. ಊರಿಗೆಲ್ಲ ಮೆಟ್ಟು ಹೊಲಿದು ಬರಿಗಾಲಲ್ಲಿ ನಡೆದವರು. ನಮ್ಮ ಮೈಗೆ ಬಂದದ್ದು ಊರವರು ಉಟ್ಟು ಬಿಟ್ಟದ್ದು.

ಸತ್ತವರ ಬಟ್ಟೆಯೇ ಚಂಡಾಲರ ಬಟ್ಟೆ ಎಂದು ಮನುಸ್ಮೃತಿ ಬರೆದಿಟ್ಟಿತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅದಕ್ಕೆ ಬೆಂಕಿ ಬಿತ್ತು. ಬೆಂಕಿ ಇಡಿಸಿದ ಬಾಬಾಸಾಹೇಬರು ನಮ್ಮ ಗೋಡೆಗಳ ಮೇಲೆ ಕೋಟು, ಟೈ ಹಾಕಿ ನಿಂತಿದ್ದಾರೆ. ಆ ನೀಲಿ ಕೋಟು ನಮಗೆ ಬರೀ ಬಟ್ಟೆಯಲ್ಲ.

ಅಪ್ಪನ ಕಾಲದಲ್ಲಿ ದರ್ಜಿ ನಮ್ಮನ್ನು ಮುಟ್ಟಿ ಅಳತೆ ತೆಗೆಯುತ್ತಿರಲಿಲ್ಲ. ದೂರ ನಿಲ್ಲಿಸಿ ಕಣ್ಣಳತೆ. ಅದಕ್ಕೇ ನಮ್ಮ ಅಂಗಿಗಳೆಲ್ಲ ದೊಗಳೆ. ಆದರೆ ಸೂಟು ಕಣ್ಣಳತೆಗೆ ಬರುವ ಬಟ್ಟೆಯಲ್ಲ. ಎದೆ, ಭುಜ, ಕಂಕುಳು, ಮಣಿಕಟ್ಟು ಎಲ್ಲವನ್ನೂ ಮುಟ್ಟಲೇಬೇಕು.

ಈಗ ತಮ್ಮನ ಮದುವೆಗೆ ಸೂಟು ಹೊಲಿಸುತ್ತಿದ್ದೇವೆ. ಅಂಗಡಿಯ ಸಿದ್ಧ ಸೂಟು ಬ್ಯಾಡ, ಕರಿ ಕಂಬಳಿಯ ಕೋಟೇ ಆಗಬೇಕೆಂದು ಅವನ ಹಟ. ಟೈಲರ್ ಬಟ್ಟೆ ಹಿಸುಕಿ ನೋಡಿದ: "ಇದಕ್ಕೆ ಹುಣಸೆ ಬೀಜದ ಗಂಜಿ ಕುಡಿಸ್ಯಾರೆ. ಹಂಗೇ ಕತ್ತರಿ ಹಾಕಿದ್ರೆ ಹಲಗೆ ನಿಂತಂಗೆ ನಿಲ್ತೈತೆ. ಮೊದ್ಲು ನೆನೆಸಿ ಗಂಜಿ ಬಿಡ್ಸಿ. ಎಷ್ಟು ಕುಗ್ಗುತ್ತೋ ಕುಗ್ಗಲಿ, ಆಮೇಲೆ ಕತ್ತರಿ." ಉಣ್ಣೆ ಚುಚ್ಚದಂತೆ ಒಳಗೆ ಪೂರಾ ಲೈನಿಂಗು. ಎದೆಜೇಬಿನ ಬಾಯಿಗೆ ಒಂದು ಬೆರಳಗಲ ಮೊಳಕಾಲ್ಮೂರಿನ ಅಂಚು. ಅದರ ಬಣ್ಣ ಬಿಡುತ್ತದೆಯೇ ಎಂದು ಮೊದಲು ಒದ್ದೆ ಬಟ್ಟೆಯಲ್ಲಿ ಒತ್ತಿ ನೋಡಬೇಕು.

ಜಗಳ ಬಿದ್ದದ್ದು ಗುಂಡಿಗೆ. ಕಂಬಳಿ ಅವರದು, ರೇಷ್ಮೆ ಇವರದು, ನಮ್ಮದೇನು ಅಂತ ತಮ್ಮ ಕೇಳಿದ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲಿನ ಗುಂಡಿ ಇರಲಿ ಅಂದ. ಅಪ್ಪನಿಗೆ ಸಿಟ್ಟು ಬಂತು.

"ಆ ವಾಸನೆ ಬಿಡ್ಲಿ ಅಂತ ನಿಮ್ಮನ್ನ ಓದಿಸ್ದೆ. ಕೋಟಿಗೂ ಅದನ್ನೇ ಹಚ್ಕಂತೀರೇನೋ?"

"ಹದ ಮಾಡಿದ ಕೈಗೆ ಯಾಕಪ್ಪಾ ನಾಚ್ಕೆ? ನಾಚ್ಕೆ ಆಗ್ಬೇಕಾದ್ದು ಮುಟ್ಟದೇ ಇದ್ದವ್ರಿಗೆ."

ಇಬ್ಬರ ಮಾತೂ ನಮಗೆ ನಿಜವೇ. ಬೇರೆ ದಾರಿಯಿಲ್ಲದೆ ತೊಗಲು ಕೊಯ್ದವರಿಗೆ ಅದು ಸಂಪ್ರದಾಯವಲ್ಲ, ಬಿಟ್ಟಿ ದುಡಿಮೆ. ಅದನ್ನು ಮುಟ್ಟದೆ ಬೆಳೆದ ಮಗನಿಗೆ ಅದು ವಿದ್ಯೆಯಾಗಿ ಕಾಣುತ್ತದೆ. ಸಂಪ್ರದಾಯದ ಕಸೂತಿ ಎಂದು ಹಾಡಿ ಹೊಗಳುವವರು ಈ ಎರಡರ ನಡುವಿನ ನೋವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಪ್ಪ ಇನ್ನೂ ಒಪ್ಪಿಲ್ಲ. ತಮ್ಮ ಬಿಟ್ಟಿಲ್ಲ. ಕಾಜಾ ತೆಗೆದ ಕೋಟು ಗುಂಡಿಯಿಲ್ಲದೆ ತೂಗುತ್ತಿದೆ. ತೂಗಲಿ. ನಮ್ಮ ಮೈಮೇಲೆ ಏನಿರಬೇಕು, ಏನಿರಬಾರದು ಎಂದು ಊರು ತೀರ್ಮಾನಿಸುತ್ತಿತ್ತು. ಈ ಜಗಳ ಮಾತ್ರ ನಮ್ಮ ಜಗಲಿಯ ಮೇಲೇ ತೀರುತ್ತದೆ.