ಅತ್ತಿಯವರ ಗುಳಿಗಿ, ಮಾತಾಡೋ ಸ್ಪೀಕರ್

"ನಿಮ್ಮ ಅಡಗಿಮನ್ಯಾಗ ಮುಂಜಾನೆ ಮಾತಾಡೋ ಆಕಿ ಯಾರ್ರೀ?" ಅಂತ ಬಾಜೂಮನಿ ವೈನಿ ಕೇಳಿದ್ರು. ನಿಮ್ಮೊಳಗೂ ಒಂದಿಬ್ಬರು ಫೋನಿನ್ಯಾಗ ಕೇಳೀರಿ. ಅದಕ್ಕ ಇಲ್ಲೇ ಬರದುಬಿಡ್ತೇನಿ.

ಆಕಿ ಸ್ಪೀಕರಿನೊಳಗಿನ ಧ್ವನಿ. ನನ್ನ ಮಗಾ ಸಣ್ಣ ಕಂಪ್ಯೂಟರಿನ್ಯಾಗ ಹೋಮ್ ಅಸಿಸ್ಟೆಂಟ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಟ್ಟಾನ. ಅದಕ್ಕ ರೊಕ್ಕ ಕೊಡೋದಿಲ್ಲ. ನಾವು ಬರದಿಟ್ಟ ಕನ್ನಡನ ಗೂಗಲ್ ಟ್ರಾನ್ಸ್‌ಲೇಟ್ ಧ್ವನಿಯೊಳಗ ಅದು ಸ್ಪೀಕರಿಗೆ ಕಳಸ್ತದ. ನೆಟ್ ಹೋದ್ರ ಮಾತ್ರ ಆಕಿ ಮೂಕಿ!

ಇದಕ್ಕ ಮೂರು ಸಂಗತಿ ಹೇಳಿಕೊಡಬೇಕು. ಯಾವಾಗ ಎಚ್ಚರಾಗಬೇಕು ಅನ್ನೋದು ಟ್ರಿಗರ್. ಏನಿದ್ರ ಮುಂದ ಹೋಗಬೇಕು ಅನ್ನೋದು ಕಂಡಿಷನ್. ಏನು ಮಾಡಬೇಕು ಅನ್ನೋದು ಆಕ್ಷನ್. ಮಗಾ ನಡುವಿಂದು ಬಿಟ್ಟು, 8 ಗಂಟೆಕ್ಕ "ಅಜ್ಜಿ, ಬಿ.ಪಿ. ಗುಳಿಗಿ ತಗೋ" ಅನಸೋಣು ಅಂದ. ನಾ ಬ್ಯಾಡಪಾ ಅಂದೆ.

ನಮ್ಮ ಅತ್ತಿಯವರಿಗೆ 82. ಮರವು ಭಾಳ. ಆದ್ರೂ "ನನ್ನ ಗುಳಿಗಿ ನಾನ ತಗೋತೇನಿ" ಅನ್ನೋ ಹಟ. ಒಂದಿನ ಏಳೂವರಿಗೇ ತಗೊಂಡಿರ್ತಾರ, ಒಂದಿನ ಮರೀತಾರ. ತಗೊಂಡಮ್ಯಾಲೆ ಯಾರರ "ತಗೋ" ಅಂದ್ರ ಪಾಪ, ಮತ್ತೊಂದು ನುಂಗ್ತಾರ. ಬಿ.ಪಿ. ಇಳದು, ತಲಿ ತಿರುಗಿ ಬಿದ್ದು, ಟೊಂಕದ ಎಲುವು ಮುರದ್ರ ಗತಿ ಏನು?

ಅದಕ್ಕ ಗುಳಿಗಿ ಇಡೋ ಡ್ರಾವರಿಗೆ ಬಾಗಲಾ ಸೆನ್ಸರ್ ಹಚ್ಚಿಸಿದೆ. ಎರಡು ಸಣ್ಣ ತುಂಡು, ಒಂದರಾಗ ಅಯಸ್ಕಾಂತ. ಡ್ರಾವರ್ ತಗದ್ರ ಎರಡೂ ದೂರಾಗ್ತಾವ, ಕಂಪ್ಯೂಟರ್ ಗುರುತು ಹಾಕ್ಕೋತದ. ರಾತ್ರಿ ಆ ಗುರುತು ಅಳಸ್ತದ. ಮುಂಜಾನೆ 8ಕ್ಕ ಗುರುತು ಇದ್ರ ಸ್ಪೀಕರ್ ಗಪ್‌ಚಿಪ್. ಇಲ್ಲಂದ್ರ ಅಡಗಿಮನ್ಯಾಗ ನನಗ ಹೇಳ್ತದ, "ಗುಳಿಗಿ ಡ್ರಾವರ್ ಇನ್ನೂ ತೆಗೆದಿಲ್ಲ." ಅತ್ತಿಯವರ ಖೋಲಿಯೊಳಗ ಸ್ಪೀಕರ್ ಇಟ್ಟಿಲ್ಲ. ಕಾಣದ ಹೆಂಗಸಿನ ದನಿ ಕೇಳಿ ಗಾಬರಿ ಆಗಬಾರದು.

ಡ್ರಾವರ್ ತಗದದ್ದು ಗೊತ್ತಾಗ್ತದ, ನುಂಗಿದ್ದು ಗೊತ್ತಾಗೂದಿಲ್ಲ. ಹಿಂಗಾಗಿ ದಿನಾ ಪಟ್ಟಿಯೊಳಗಿನ ಗುಳಿಗಿ ಎಣಿಸೋ ಕೆಲಸ ನಂದ.

"ಒಬ್ಬಾಕಿ ಒದರ್ತಾಳ, ಒಬ್ಬಾಕಿ ನೀರು ತರ್ತಾಳ, ನನಗ ಇಬ್ಬರು ಸೊಸೆಂದ್ರು" ಅಂತ ಅತ್ತಿಯವರು ನಗ್ತಾರ.

ನೀವೂ ಹಾಕಿಸೋರಿದ್ರ ಹಾಕೋರಿಗೆ ಮದಲ ಇದನ್ನ ಕೇಳ್ರಿ: ಆಗಲೇ ಗುಳಿಗಿ ತಗೊಂಡಿದ್ರ ಇದು ಸುಮ್ಮನಿರ್ತದೇನು?