ಗಡಿಯಾರ ಮರೆತ ಕಂಪ್ಯೂಟರ್

ಸುಂಟಿಕೊಪ್ಪದಲ್ಲಿ ಮಳೆಗಾಲ ಬಂತೆಂದರೆ ಕರೆಂಟಿನ ಮೇಲೆ ಭರವಸೆ ಇಡುವಂತಿಲ್ಲ. ತೋಟದ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಸಾಕು, ಮನೆಯೆಲ್ಲ ಕತ್ತಲು. ಗುಡುಗಿದರೆ ಟಿ.ವಿ., ಫ್ರಿಜ್, ಕಂಪ್ಯೂಟರ್‌ಗಳ ಪ್ಲಗ್ ಕಿತ್ತಿಡುವುದು ನನ್ನ ಕೆಲಸ. ರಾತ್ರಿ ಮಲಗುವ ಮುನ್ನವೂ ಒಮ್ಮೆ ನೋಡಿಯೇ ಮಲಗುತ್ತೇನೆ.

ನಮ್ಮ ಕಂಪ್ಯೂಟರ್ ಹಳೆಯದು. ಯಜಮಾನರು 2014ರಲ್ಲಿ ದುಬೈಯಿಂದ ರಜೆಗೆ ಬಂದಿದ್ದಾಗ ಮೈಸೂರಿನಿಂದ ತಂದದ್ದು. ವಿಂಡೋಸ್ 10 ಉಚಿತವಾಗಿ ಸಿಗುತ್ತಿದ್ದ ಕಾಲದಲ್ಲಿ, 2016ರಲ್ಲಿ, ನನ್ನ ತಮ್ಮ ಅದನ್ನು ಹಾಕಿಕೊಟ್ಟ. ಮಕ್ಕಳ ಓದು, ಯಜಮಾನರ ಜೊತೆ ವಿಡಿಯೋ ಮಾತುಕತೆ, ಫೋಟೋಗಳು ಎಲ್ಲವೂ ಅದರಲ್ಲೇ. ಅದಕ್ಕಿಂತ ಮುಖ್ಯವಾದುದೊಂದು ಅದರಲ್ಲಿತ್ತು. 2017ರ ರಂಝಾನಿನಲ್ಲಿ ನನ್ನ ಉಮ್ಮ ಪತ್ತಿರಿ ಲಟ್ಟಿಸುತ್ತಾ ತನ್ನ ಬಾಲ್ಯದ ಕತೆ ಹೇಳಿದ್ದನ್ನು ತಂಗಿ ಮೊಬೈಲಿನಲ್ಲಿ ಚಿತ್ರೀಕರಿಸಿದ್ದಳು. ಉಮ್ಮ 2019ರಲ್ಲಿ ತೀರಿಕೊಂಡರು. ಆ ಮೊಬೈಲ್ ಕೂಡ ಎಂದೋ ಕೆಟ್ಟುಹೋಯಿತು. ಉಮ್ಮನ ಧ್ವನಿ ಉಳಿದದ್ದು ಈ ಪೆಟ್ಟಿಗೆಯೊಳಗೆ ಮಾತ್ರ.

2024ರ ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ಅಪ್‌ಡೇಟ್ ಮಾಡಲು ಹೋದರೆ ಒಂದಷ್ಟು ಹೊತ್ತು ಚಕ್ರ ತಿರುಗಿ, ಕೊನೆಗೆ 'ವಿಫಲವಾಯಿತು' ಎಂಬ ಮಾತು. ಅದರ ಕೆಳಗೆ ಅಂಕಿ, ಅಕ್ಷರ ಬೆರೆತ ಉದ್ದದ ಸಂಖ್ಯೆ. ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಹೊರಟರೆ ಆ ಪುಟವೇ ತೆರೆಯದು, 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಅದೇ ಪುಟ ಮೊಬೈಲಿನಲ್ಲಿ ಸಲೀಸಾಗಿ ತೆರೆಯುತ್ತಿತ್ತು.

ರಿಪೇರಿಯವರಲ್ಲಿ ವಿಚಾರಿಸಿದೆ. "ಹತ್ತು ವರ್ಷ ಆಯ್ತಲ್ಲ ಅಕ್ಕಾ, ಇದರ ಕಾಲ ಮುಗೀತು. ಹೊಸದು ತಗೊಳ್ಳಿ. ಇಲ್ಲಾಂದ್ರೆ ಫಾರ್ಮ್ಯಾಟ್ ಮಾಡಿ ಕೊಡ್ತೇನೆ" ಎಂದರು. ಫಾರ್ಮ್ಯಾಟ್ ಎಂದರೆ ಏನೋ ತೊಳೆದು ಒರೆಸುವ ಕೆಲಸ ಎಂದಷ್ಟೇ ತಿಳಿದಿದ್ದ ನಾನು ಒಪ್ಪಿಬಿಟ್ಟೆ. ಮರುದಿನ ತೆಗೆದುಕೊಂಡು ಹೋಗುವುದೆಂದು ಮಾತಾಯಿತು.

ಅಂದು ಸಂಜೆ ಬಿ.ಸಿ.ಎ. ಓದುತ್ತಿರುವ ನಾದಿನಿಯ ಮಗಳು ಮನೆಗೆ ಬಂದಳು. ವಿಷಯ ಕೇಳಿ ಅವಳ ಮುಖವೇ ಬದಲಾಯಿತು. "ಮಾಮೀ, ಉಮ್ಮನ ವಿಡಿಯೋ ಎಲ್ಲಿದೆ?" ಎಂದಳು. ಪರದೆಯ ಮೇಲೆಯೇ ಇದ್ದ ಫೋಲ್ಡರ್ ತೋರಿಸಿದೆ. "ಇದು ಸಿ ಡ್ರೈವ್‌ನಲ್ಲಿದೆ. ಫಾರ್ಮ್ಯಾಟ್ ಮಾಡಿದರೆ ಮೊದಲು ಅಳಿಸಿಹೋಗುವುದೇ ಇದು."

ನನಗೆ ಕೈಕಾಲು ತಣ್ಣಗಾಯಿತು. ಚಹಾ ಮಾಡಲು ಎದ್ದವಳು ಹಾಗೆಯೇ ಕುಳಿತುಬಿಟ್ಟೆ.

"ರಿಪೇರಿ ಆಮೇಲೆ. ಮೊದಲು ಇದನ್ನು ಹೊರಗೆ ತೆಗೆಯೋಣ" ಎಂದು ಅವಳು ತನ್ನ ಹಾರ್ಡ್ ಡಿಸ್ಕ್ ತಂದು ಫೋಟೋ, ವಿಡಿಯೋಗಳನ್ನೆಲ್ಲ ನಕಲು ಮಾಡಿದಳು. ಉಮ್ಮನ ವಿಡಿಯೋವನ್ನು ಒಂದು ಪೆನ್ ಡ್ರೈವಿಗೂ ಹಾಕಿದಳು. ಎರಡನ್ನೂ ತೆರೆದು ನೋಡಿ, ಧ್ವನಿ ಕೇಳಿ ಖಚಿತಪಡಿಸಿಕೊಂಡೆವು.

ಆನಂತರ ಅವಳು ಆ ಉದ್ದದ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿದಳು. ದಿನಾಂಕ ತಾಳೆಯಾಗದಿದ್ದಾಗ ಬರುವ ಸಂಖ್ಯೆ ಅದು. ಪರದೆಯ ಮೂಲೆ ನೋಡಿದರೆ ಅಲ್ಲಿ 2014ರ ಜನವರಿ 1! ಉಮ್ಮ ಬದುಕಿದ್ದ ವರ್ಷದಲ್ಲೇ ನಿಂತುಬಿಟ್ಟಿತ್ತು ನಮ್ಮ ಕಂಪ್ಯೂಟರ್.

"ಸ್ಟಾರ್ಟ್ ಮಾಡುವಾಗ ಕಪ್ಪು ಪರದೆಯಲ್ಲಿ ಏನಾದರೂ ಬರುತ್ತಿತ್ತಾ ಮಾಮೀ?"

ಬರುತ್ತಿತ್ತು. ಇಂಗ್ಲಿಷಿನಲ್ಲಿ ಎರಡು ಸಾಲು, ಮುಂದುವರಿಯಲು ಎಫ್-1 ಒತ್ತಿ ಎಂದು. ತಿಂಗಳುಗಳಿಂದ ನಾನು ಓದದೆ ಒತ್ತುತ್ತಿದ್ದೆ. ದಿನಾಂಕ, ಸಮಯ ಸರಿಯಿಲ್ಲ ಎಂದು ಅದು ಪ್ರತಿದಿನ ಹೇಳುತ್ತಿತ್ತಂತೆ.

ಕಾರಣ ಇಷ್ಟೇ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಂತಹ ಒಂದು ಚಿಕ್ಕ ಬ್ಯಾಟರಿ ಇರುತ್ತದೆ, ಹೆಸರು ಸಿಆರ್ 2032. ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರವನ್ನು ನಡೆಸುವುದು ಅದೇ. ಕೆಲವು ವರ್ಷಗಳಲ್ಲಿ ಅದು ಬತ್ತಿಹೋಗುತ್ತದೆ. ಬೇಸಗೆಯಲ್ಲಿ ಪ್ಲಗ್ ಸಿಕ್ಕಿಸಿಯೇ ಇರುತ್ತಿದ್ದುದರಿಂದ ತೊಂದರೆ ಕಾಣಲಿಲ್ಲ. ಮಳೆಗಾಲದಲ್ಲಿ ನಾನು ಪ್ಲಗ್ ಕಿತ್ತಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳಿಗೆ ಇಂತಿಷ್ಟು ಅವಧಿ ಎಂದಿರುತ್ತದೆ. ಕಂಪ್ಯೂಟರಿನ ದಿನಾಂಕ ಆ ಅವಧಿಯ ಆಚೆ ಇದ್ದರೆ ಅದು ಯಾರನ್ನೂ ನಂಬುವುದಿಲ್ಲ. ಅಪ್‌ಡೇಟ್ ಇಳಿಯದ್ದೂ ಅರ್ಜಿಯ ಪುಟ ತೆರೆಯದ್ದೂ ಒಂದೇ ಕಾರಣಕ್ಕೆ.

ಮರುದಿನ ಪೇಟೆಯಿಂದ ಬ್ಯಾಟರಿ ತಂದೆವು. ಐವತ್ತು ರೂಪಾಯಿ ಕೂಡ ಆಗಲಿಲ್ಲ. ಪ್ಲಗ್ ತೆಗೆದು, ಪೆಟ್ಟಿಗೆಯ ಬದಿ ಬಿಚ್ಚಿ, ಹಳೆಯದು ಹೇಗಿತ್ತೋ ಹಾಗೆಯೇ ಹೊಸದನ್ನು ಕೂರಿಸಿದೆವು. ದಿನಾಂಕ ಸರಿಪಡಿಸಿದ ಕೂಡಲೇ ಅರ್ಜಿಯ ಪುಟ ತೆರೆಯಿತು.

ಆದರೂ ಅಪ್‌ಡೇಟ್ ಪೂರ್ತಿಯಾಗಲಿಲ್ಲ. ಈ ಸಲದ ತಕರಾರು ಜಾಗದ್ದು, ಸಿ ಡ್ರೈವ್ ಕೆಂಪಾಗುವಷ್ಟು ತುಂಬಿತ್ತು. ನಕಲು ಮಾಡಿಯಾಗಿದ್ದ ಫೋಟೋಗಳನ್ನು ಡಿ ಡ್ರೈವಿಗೆ ಸರಿಸಿ, ಡಿಸ್ಕ್ ಕ್ಲೀನಪ್ ನಡೆಸಿ, ಅರ್ಧಂಬರ್ಧ ಇಳಿದಿದ್ದ ಅಪ್‌ಡೇಟ್ ಕಡತಗಳನ್ನು ಅಳಿಸಿದೆವು. ಮೂರನೆಯ ಪ್ರಯತ್ನದಲ್ಲಿ ಅರ್ಧಕ್ಕೆ ಕರೆಂಟ್ ಹೋಯಿತು. ಮತ್ತೆ ಶುರು ಮಾಡಿದರೆ 'ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ' ಎಂಬ ಸಾಲು. ಅವಸರಪಟ್ಟು ಗುಂಡಿ ಒತ್ತದೆ ಒಂದು ಗಂಟೆ ಕಾದೆವು. ಅದು ಮೊದಲಿನ ಸ್ಥಿತಿಗೆ ಬಂತು. ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿಸಿದ ಮೇಲೆ, ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಅಪ್‌ಡೇಟ್ ಪೂರ್ತಿಯಾಯಿತು. ಅಲ್‌ಹಮ್ದುಲಿಲ್ಲಾಹ್.

ಹಳೆಯದಕ್ಕೂ ಒಂದು ಮಿತಿಯಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಘೋಷಿಸಿದ್ದರು. ನಾವೂ ನೋಂದಾಯಿಸಿದೆವು. ವಿಂಡೋಸ್ 11 ಕೇಳುವ ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವಾಗಲಿ ಹೊಸ ಪ್ರೊಸೆಸರಾಗಲಿ ನಮ್ಮದರಲ್ಲಿಲ್ಲ. ಆ ಅವಧಿ ಮುಗಿದ ಮೇಲೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕುವುದೆಂದು ಹುಡುಗಿ ಹೇಳಿದ್ದಾಳೆ.

ಸಹೋದರಿಯರೇ, ನಿಮ್ಮ ಮನೆಯ ಕಂಪ್ಯೂಟರ್ ಅಪ್‌ಡೇಟ್ ಆಗದಿದ್ದರೆ ಮೊದಲು ಅಮೂಲ್ಯವಾದುದನ್ನು ಎರಡು ಕಡೆ ನಕಲು ಮಾಡಿ. ಆಮೇಲೆ ದಿನಾಂಕ ನೋಡಿ, ಜಾಗ ನೋಡಿ, ತಪ್ಪಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಫಾರ್ಮ್ಯಾಟ್ ಎನ್ನುವವರಿಗೆ 'ಹೂಂ' ಅನ್ನುವ ಮುಂಚೆ ಏನೇನು ಅಳಿಯುತ್ತದೆ ಎಂದು ಕೇಳಿ. ಕೇಳಲು ನಾಚಿಕೆ ಬೇಡ. ನಾನು ನಾಚಿಕೊಂಡೇ ಉಮ್ಮನ ಧ್ವನಿ ಕಳೆದುಕೊಳ್ಳುವುದರಲ್ಲಿದ್ದೆ.

ಇತ್ತೀಚೆಗೆ ಮಗಳು ನನ್ನ ಮೊಣಕಾಲು ನೋವಿನ ಬಗ್ಗೆ ಕೇಳಿದಾಗ "ಏನಿಲ್ಲ, ಮಳೆಗಾಲ ಅಲ್ವಾ" ಎಂದೆ. ಅವಳು ನಕ್ಕು, "ಉಮ್ಮಾ, ಮತ್ತೆ ಎಫ್-1 ಒತ್ತಿದಿರಾ?" ಎಂದಳು. ಮರುದಿನವೇ ಮಡಿಕೇರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದೆ.