ಪಾತಕಿಗಳ ಚಿತ್ರಗಳೂ ಸಿಸಿಲಿಯ ಊರುಗಳೂ

ಇಟಲಿ ದೇಶವು ಭೂಪಟದಲ್ಲಿ ಎತ್ತರದ ಬೂಟ್ಸಿನ ಆಕಾರದಲ್ಲಿ ಕಾಣುವುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಬೂಟ್ಸಿನ ಮೊನೆಯ ಮುಂದೆ, ಒದೆಸಿಕೊಳ್ಳಲು ಕಾದಿರುವಂತೆ ತೋರುವ ತ್ರಿಕೋಣಾಕಾರದ ದ್ವೀಪವೇ ಸಿಸಿಲಿ. ನಿಂಬೆ, ಕಿತ್ತಳೆಯ ತೋಟಗಳಿಗೂ, ಗ್ರೀಕರ ಪುರಾತನ ದೇವಾಲಯಗಳಿಗೂ, ಹೊಗೆಯುಗುಳುವ ಎಟ್ನಾ ಪರ್ವತಕ್ಕೂ ಹೆಸರಾದ ಈ ದ್ವೀಪವನ್ನು ನೋಡಬೇಕೆಂಬ ಆಸೆಯು ನಮಗೆ ಬಹುಕಾಲದಿಂದ ಇದ್ದಿತು. ಆದರೆ ಹೊರಡುವ ಮುನ್ನ ಸ್ನೇಹಿತರಲ್ಲಿ ಈ ಮಾತನ್ನೆತ್ತಿದಾಗ ದೇವಾಲಯಗಳ ವಿಷಯವನ್ನು ಕೇಳಿದವರು ಒಬ್ಬರೂ ಇಲ್ಲ. "ಗಾಡ್‌ಫಾದರ್ ಚಿತ್ರದ ಊರಿಗೆ ಹೋಗಿಬರುವಿರಷ್ಟೆ?" ಎಂಬುದೇ ಎಲ್ಲರ ಪ್ರಶ್ನೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಾರಿಯೋ ಪೂಜೋ ಎಂಬಾತನು ೧೯೬೯ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ, ಅಮೆರಿಕದ ನಿರ್ದೇಶಕನಾದ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ೧೯೭೨ರಲ್ಲಿ ಹೊರತಂದ ಆ ಚಲಚ್ಚಿತ್ರವು, ಸಂಘಟಿತ ಪಾತಕಿಗಳನ್ನು ಕುರಿತ ಚಿತ್ರಗಳಲ್ಲೆಲ್ಲ ಶ್ರೇಷ್ಠವೆಂದು ಬಹುಮಂದಿ ಎಣಿಸಿರುವರು. ಅದರ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಇಂತಹ ಚಿತ್ರಗಳು ಮನೆಯೊಳಗಿನ ಪರದೆಯ ಮೇಲೆಯೇ ಮೂಡುತ್ತಿರುವ ಈ ದಿನಗಳಲ್ಲಿ, ಅವು ಯಾರ ಊರಿನ ಕತೆ, ಆ ಊರಿನವರ ಪಾಲಿಗೆ ಬಂದುದೇನು ಎಂಬುದನ್ನು ತಿಳಿಯುವುದು ಅಗತ್ಯವೆಂದು ನಮಗೆ ತೋರಿತು. ಚಿತ್ರ ತೆಗೆದ ಸ್ಥಳವನ್ನೂ, ಸಂಗತಿಗಳು ನಿಜವಾಗಿ ನಡೆದ ಸ್ಥಳಗಳನ್ನೂ ನೋಡಿಬರುವುದೆಂದು ನಿಶ್ಚಯಿಸಿದೆವು. ಇವೆರಡೂ ಬೇರೆಬೇರೆಯೆಂಬುದು ಮೊದಲ ದಿನವೇ ಗೊತ್ತಾಯಿತು.

ದ್ವೀಪದ ಪೂರ್ವತೀರದಲ್ಲಿ ಮೆಸ್ಸಿನಾ ನಗರದಿಂದ ದಕ್ಷಿಣಕ್ಕೆ ಸಮುದ್ರದ ಅಂಚಿನಲ್ಲಿಯೇ ಪ್ರಯಾಣ ಮಾಡಿ, ಸಾಂತಾ ತೆರೇಸಾ ದಿ ರೀವಾ ಎಂಬ ಊರಿನಿಂದ ಬೆಟ್ಟವನ್ನು ಬಳಸಿ ಬಳಸಿ ಏರಿದರೆ ಸವೋಕಾ ಎಂಬ ಚಿಕ್ಕ ಗ್ರಾಮವು ಸಿಕ್ಕುತ್ತದೆ. ಕೆಳಗೆ ನೀಲಿಯಾದ ಕಡಲು. ಮೇಲೆ ಕಲ್ಲಿನ ಮನೆಗಳು, ಇಕ್ಕಟ್ಟಾದ ಓಣಿಗಳು. ಚಿತ್ರದ ಸಿಸಿಲಿಯ ಭಾಗಗಳನ್ನು ೧೯೭೧ರಲ್ಲಿ ಇಲ್ಲಿಯೂ, ನೆರೆಯ ಬೆಟ್ಟದ ಫೋರ್ತ್ಸಾ ದಗ್ರೋ ಎಂಬಲ್ಲಿಯೂ ತೆಗೆದರು. ಕತೆಯ ತರುಣನು ಹುಡುಗಿಯ ತಂದೆಯನ್ನು ಕಂಡು ಮಾತನಾಡುವ 'ಬಾರ್ ವಿತೆಲ್ಲಿ' ಈಗಲೂ ಅದೇ ಹೆಸರಿನಿಂದ ನಡೆಯುತ್ತಿದೆ. ಬಾರ್ ಎಂಬ ಶಬ್ದವನ್ನು ಕೇಳಿ ಗೃಹಿಣಿಯರು ಹುಬ್ಬು ಗಂಟಿಕ್ಕಬೇಕಾದುದಿಲ್ಲ. ಇಟಲಿಯಲ್ಲಿ ಬಾರ್ ಎಂದರೆ ಬಹುಮಟ್ಟಿಗೆ ನಮ್ಮ ಕಾಫಿ ಕ್ಲಬ್ಬೇ. ನಿಂಬೆಯ ಷರಬತ್ತನ್ನು ಹರಳುಹರಳಾಗಿ ಹೆಪ್ಪುಗಟ್ಟಿಸಿದ 'ಗ್ರಾನಿತಾ' ಎಂಬುದನ್ನು ಅಲ್ಲಿ ನಾವು ತಿಂದೆವು. ಬಿಸಿಲಿನಲ್ಲಿ ಬೆಟ್ಟವೇರಿದವರಿಗೆ ಅದು ಅಮೃತವೇ ಸರಿ. ಸಮೀಪದಲ್ಲಿ ಕೊಪ್ಪೊಲಾ ಕ್ಯಾಮೆರಾದ ಹಿಂದೆ ಬಾಗಿ ನಿಂತಿರುವ ಲೋಹದ ಪ್ರತಿಮೆಯೊಂದಿದೆ. ಮೇಲಿನ ಸಾನ್ ನಿಕೊಲೊ ಇಗರ್ಜಿಯೆದುರು, ಚಿತ್ರದಲ್ಲಿ ಮದುವೆಯಾದ ಸ್ಥಳವೆಂದು, ನವದಂಪತಿಗಳು ಭಾವಚಿತ್ರ ತೆಗೆಸಿಕೊಳ್ಳುತ್ತಿದ್ದರು. ಚಿತ್ರದ ಆ ವಧುವು ಮುಂದೆ ಬಾಂಬಿಗೆ ಬಲಿಯಾಗುವಳೆಂಬುದನ್ನು ಅವರು ಮರೆತಿದ್ದಿರಬೇಕು.

ಕತೆಯಲ್ಲಿ ಈ ಊರು ಸವೋಕಾ ಅಲ್ಲ, ಕೊರ್ಲಿಯೋನೆ. ನಿಜವಾದ ಕೊರ್ಲಿಯೋನೆಯು ಆ ವೇಳೆಗೆ ಹೊಸ ಕಟ್ಟಡಗಳಿಂದ ತುಂಬಿ ಹಳೆಯ ಕಾಲದ ಕತೆಗೆ ಒಗ್ಗದುದರಿಂದ ಚಿತ್ರದವರು ಇಲ್ಲಿಗೆ ಬಂದರು. ಇನ್ನೊಂದು ವಿನೋದವುಂಟು. ಮಾಫಿಯಾ ಎಂಬ ಶಬ್ದವನ್ನು ಚಿತ್ರದಲ್ಲಿ ಉಚ್ಚರಿಸಕೂಡದೆಂದು ಅಮೆರಿಕದ ಇಟಾಲಿಯನರ ಹಕ್ಕುಗಳ ಸಂಘವೊಂದು ಪಟ್ಟು ಹಿಡಿದು, ಮಾತುಗಳಿಂದ ಅದನ್ನು ತೆಗೆಸಿತು. ಸಂಘದ ಮುಂದಾಳಾಗಿದ್ದ ಜೋಸೆಫ್ ಕೊಲೊಂಬೋ ಎಂಬಾತನು ಸ್ವತಃ ನ್ಯೂಯಾರ್ಕಿನ ಮಾಫಿಯಾ ಪಂಗಡವೊಂದರ ಯಜಮಾನ!

ಸವೋಕಾದಲ್ಲಿ ಯಾರ ರಕ್ತವೂ ಕತೆಗಾಗಿ ಹರಿಯಲಿಲ್ಲ. ರಕ್ತ ಹರಿದ ಊರುಗಳು ದ್ವೀಪದ ಪಶ್ಚಿಮಭಾಗದಲ್ಲಿವೆ. ಆದುದರಿಂದ ನಾವು ದ್ವೀಪವನ್ನು ದಾಟಿ ರಾಜಧಾನಿಯಾದ ಪಲೆರ್ಮೋ ನಗರಕ್ಕೆ ಬಂದೆವು. ಗಾಡ್‌ಫಾದರ್ ಕತೆಯ ಮೂರನೆಯ ಭಾಗದ (೧೯೯೦) ಪರಾಕಾಷ್ಠೆಯ ದೃಶ್ಯವು ನಡೆಯುವ ತೆಯಾತ್ರೋ ಮಾಸ್ಸಿಮೋ ನಾಟ್ಯಶಾಲೆಯ ಮೆಟ್ಟಿಲುಗಳನ್ನು ನೋಡಿ, ಮರುದಿನ ಬಸ್ಸಿನಲ್ಲಿ ಕೊರ್ಲಿಯೋನೆಗೆ ಹೊರಟೆವು.

ಪಲೆರ್ಮೋವಿನಿಂದ ದಕ್ಷಿಣಕ್ಕೆ ಸುಮಾರು ೬೦ ಕಿಲೋಮೀಟರು. ದಾರಿಯುದ್ದಕ್ಕೂ ಗೋಧಿಯ ಹೊಲಗಳು. ಈ ಹೊಲಗಳಲ್ಲಿಯೇ ಮಾಫಿಯಾದ ಒಂದು ಬೇರು ಅಡಗಿದೆ. ಸಿಸಿಲಿಯಲ್ಲಿ ಪಾಳೆಯಗಾರಿಕೆಯು ೧೮೧೨ರಲ್ಲಿ ಕಾನೂನಿನ ಮಟ್ಟಿಗೆ ರದ್ದಾಯಿತಾದರೂ ಭೂಮಿಯು ಶ್ರೀಮಂತರ ಕೈಯಲ್ಲಿಯೇ ಉಳಿಯಿತು. ಅವರು ಪಟ್ಟಣಗಳಲ್ಲಿ ವಾಸಿಸುತ್ತ, ಭೂಮಿಯನ್ನು 'ಗಬೆಲ್ಲೋತ್ತೋ' ಎಂಬ ಗುತ್ತಿಗೆದಾರರಿಗೆ ವಹಿಸಿದರು. ಗುತ್ತಿಗೆದಾರನು ಒಡೆಯನನ್ನು ಹೆದರಿಸಿ ಗುತ್ತಿಗೆಯನ್ನಿಳಿಸಿಕೊಂಡನು. ರೈತನನ್ನು ಹೆದರಿಸಿ ಗೇಣಿಯನ್ನೇರಿಸಿದನು. ಹೆದರಿಸುವ ಕೆಲಸಕ್ಕೆ ಬಂದೂಕಿನ ಕಾವಲುಗಾರರನ್ನಿಟ್ಟುಕೊಂಡನು. ಪಲೆರ್ಮೋವಿನ ಸುತ್ತಣ ನಿಂಬೆಯ ತೋಟಗಳಲ್ಲಿ ನೀರಿಗೂ ಕಾವಲಿಗೂ ಹಣ ಸುಲಿಯುವುದು ಇನ್ನೊಂದು ಬೇರು. ಚಿತ್ರದಲ್ಲಿ ಕಾಣುವ ಗಂಭೀರನಾದ, ನ್ಯಾಯ ಹೇಳುವ ಯಜಮಾನನು ಈ ಗೇಣಿಯ ಲೆಕ್ಕದಲ್ಲಿ ಎಲ್ಲಿಯೂ ನಮಗೆ ಸಿಕ್ಕಲಿಲ್ಲ.

ಕೊರ್ಲಿಯೋನೆಯಲ್ಲಿ ಚಿತ್ರದ ಹೆಸರಿನ ಮದ್ಯದ ಸೀಸೆಗಳನ್ನು ಮಾರುವ ಅಂಗಡಿಗಳುಂಟು. ಮಾಫಿಯಾದ ಮತ್ತು ಅದನ್ನೆದುರಿಸಿದ ಚಳುವಳಿಯ ದಾಖಲೆಗಳನ್ನಿಟ್ಟಿರುವ ವಸ್ತುಸಂಗ್ರಹಾಲಯವೂ ಉಂಟು. ನಾವು ಎರಡನೆಯದಕ್ಕೆ ಹೋದೆವು. ೪೭೫ ಮಂದಿ ಆರೋಪಿಗಳಾಗಿ ೧೯೮೬ರ ಫೆಬ್ರವರಿಯಿಂದ ೧೯೮೭ರ ಡಿಸೆಂಬರಿನವರೆಗೆ ಪಲೆರ್ಮೋವಿನಲ್ಲಿ ನಡೆದ ಮಹಾವಿಚಾರಣೆಯ ಕಾಗದಪತ್ರಗಳು ಅಲ್ಲಿ ಬೀರುಗಳ ತುಂಬ ಇವೆ. ಲೆತೀತ್ಸಿಯಾ ಬತ್ತಾಲ್ಯಾ ಎಂಬ ಮಹಿಳೆಯು ಕೊಲೆ ನಡೆದ ಬೀದಿಗಳಲ್ಲಿ ತೆಗೆದ ಕಪ್ಪುಬಿಳುಪು ಛಾಯಾಚಿತ್ರಗಳನ್ನು ಗೋಡೆಗೆ ಹಾಕಿರುವರು. ಅವುಗಳಲ್ಲಿ ಹೆಂಗಸರ ಮುಖಗಳೇ ನಮ್ಮ ನೆನಪಿನಲ್ಲಿ ನಿಂತವು.

ಈ ಊರಿನಲ್ಲಿ ಪ್ಲಾಚಿದೋ ರಿತ್ಸೊತ್ತೋ ಎಂಬ ೩೪ ವರ್ಷದ ಕಾರ್ಮಿಕ ಮುಖಂಡನಿದ್ದನು. ಬೀಳುಬಿಟ್ಟ ಭೂಮಿಯನ್ನು ಉಳುವವರಿಗೆ ಕೊಡಿಸುವುದಕ್ಕಾಗಿ ಹೋರಾಡುತ್ತಿದ್ದ ಅವನನ್ನು ೧೯೪೮ರ ಮಾರ್ಚ್ ೧೦ರ ರಾತ್ರಿ ಮಾಫಿಯಾದವರು ಹಿಡಿದೊಯ್ದು ಕೊಂದರು. ಕೊಲೆಗಾರರಿಗೆ ಶಿಕ್ಷೆಯಾಗಲಿಲ್ಲ. ಸಮೀಪದ ರೊಕ್ಕಾ ಬುಸಾಂಬ್ರಾ ಪರ್ವತದ ಆಳವಾದ ಬಿರುಕಿನಿಂದ ೨೦೦೯ರಲ್ಲಿ ತೆಗೆದ ಎಲುಬುಗಳು ಅವನವೇ ಎಂದು ನಿರ್ಧಾರವಾಗಿ, ೨೦೧೨ರ ಮೇ ತಿಂಗಳಲ್ಲಿ, ಅರುವತ್ತನಾಲ್ಕು ವರ್ಷಗಳ ತರುವಾಯ, ರಾಷ್ಟ್ರಾಧ್ಯಕ್ಷನ ಸಮ್ಮುಖದಲ್ಲಿ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆಯು ನಡೆಯಿತು. ಪಾಸ್ಕ್ವಾಲೆ ಶಿಮೆಕಾ ಎಂಬ ನಿರ್ದೇಶಕನು ೨೦೦೦ದಲ್ಲಿ ಇವನ ಹೆಸರಿನಲ್ಲಿಯೇ ಒಂದು ಚಿತ್ರವನ್ನು ಮಾಡಿದನು. ಅದನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಅಲ್ಲಿಂದ ಪಲೆರ್ಮೋವಿಗೆ ಹಿಂದಿರುಗುವಾಗ ಪಿಯಾನಾ ದೆಯಿ ಆಲ್ಬನೇಸಿ ಎಂಬ ಊರಿನ ಕಡೆಗೆ ತಿರುಗಿ, ಪೋರ್ತೆಲ್ಲಾ ದೆಲ್ಲಾ ಜಿನೆಸ್ತ್ರಾ ಎಂಬ ಕಣಿವೆಯನ್ನು ನೋಡಿದೆವು. ೧೯೪೭ರ ಮೇ ೧ರಂದು ಸುತ್ತಣ ಊರುಗಳ ರೈತರು ಹೆಂಡಿರು ಮಕ್ಕಳೊಡನೆ, ಬುತ್ತಿಯನ್ನು ಕಟ್ಟಿಕೊಂಡು, ಕಾರ್ಮಿಕರ ಹಬ್ಬಕ್ಕಾಗಿ ಇಲ್ಲಿ ಸೇರಿದ್ದರು. ಬೆಟ್ಟದ ಮೇಲಿನಿಂದ ಸಾಲ್ವತೋರೆ ಜೂಲ್ಯಾನೋ ಎಂಬ ದರೋಡೆಗಾರನ ತಂಡದವರು ಗುಂಡುಗಳನ್ನು ಸುರಿಸಿದರು. ಸತ್ತವರು ೧೧ ಮಂದಿ. ಅವರಲ್ಲಿ ಮಕ್ಕಳೂ ಇದ್ದರು. ಬಯಲಿನಲ್ಲಿ ನಿಲ್ಲಿಸಿರುವ ಬಂಡೆಗಳ ಮೇಲೆ ಸತ್ತವರ ಹೆಸರುಗಳನ್ನು ಕೆತ್ತಿರುವರು. ಹುಲ್ಲು ಮೇಯುತ್ತಿದ್ದ ಕುರಿಗಳ ಗಂಟೆಯ ಸದ್ದು ಬಿಟ್ಟರೆ ಅಲ್ಲಿ ಬೇರೆ ಶಬ್ದವಿರಲಿಲ್ಲ.

ಫ್ರಾಂಚೆಸ್ಕೋ ರೋಸಿ ಎಂಬ ನಿರ್ದೇಶಕನು ೧೯೬೨ರಲ್ಲಿ ಹೊರತಂದ 'ಸಾಲ್ವತೋರೆ ಜೂಲ್ಯಾನೋ' ಎಂಬ ಚಿತ್ರದಲ್ಲಿ ಈ ಹತ್ಯಾಕಾಂಡವು ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಪಾತಕಿಗಳನ್ನು ಕುರಿತ ಚಿತ್ರಗಳಲ್ಲಿ ಇದಕ್ಕೆ ಮಿಗಿಲಾದುದಿಲ್ಲ. ದರೋಡೆಗಾರನ ಹೆಸರನ್ನಿಟ್ಟುಕೊಂಡ ಚಿತ್ರವಾದರೂ ಅವನ ಮುಖವು ಬದುಕಿರುವಾಗ ಸರಿಯಾಗಿ ಕಾಣುವುದೇ ಇಲ್ಲ. ದೂರದಲ್ಲಿ ಬಿಳಿಯ ನಿಲುವಂಗಿಯೊಂದು ಸುಳಿಯುತ್ತದೆ, ಅಷ್ಟೆ. ಮೊದಲ ದೃಶ್ಯದಲ್ಲಿಯೇ ಅವನು ಅಂಗಳದಲ್ಲಿ ಬೋರಲು ಬಿದ್ದಿರುವ ಶವ. ೧೯೫೦ರ ಜುಲೈ ೫ರಂದು ಕಸ್ತೆಲ್ವೆತ್ರಾನೋ ಎಂಬ ಊರಿನಲ್ಲಿ ಶವವು ಸಿಕ್ಕಿದ ಅಂಗಳದಲ್ಲಿಯೇ ರೋಸಿಯು ಅದನ್ನು ಚಿತ್ರಿಸಿದನು. ಅವನನ್ನು ಯಾರು ಸಾಕಿದರು, ಯಾರು ಕೊಲ್ಲಿಸಿದರು, ಅಧಿಕಾರಿಗಳು ಏನನ್ನು ಮುಚ್ಚಿಟ್ಟರು ಎಂಬುದೇ ಚಿತ್ರದ ವಿಚಾರ. ನಟರಾಗಿ ಬಹುಮಟ್ಟಿಗೆ ಆ ಊರುಗಳ ಜನರನ್ನೇ ತೆಗೆದುಕೊಂಡನು. ಕನ್ನಡದಲ್ಲಿಯೂ ೧೯೯೫ರ 'ಓಂ' ಚಿತ್ರದಲ್ಲಿ ಬೆಂಗಳೂರಿನ ನಿಜವಾದ ರೌಡಿಗಳು ಕೆಲವರು ಅಭಿನಯಿಸಿದುದು ಓದುಗರಿಗೆ ನೆನಪಿರಬಹುದು. ರೋಸಿಯ ದಾರಿಯು ಅದಕ್ಕೆ ಇದಿರಾದುದು. ಅವನು ಕರೆದುದು ಗುಂಡು ಹಾರಿಸಿದವರನ್ನಲ್ಲ, ಗುಂಡಿನ ಸದ್ದನ್ನು ಕೇಳಿದವರನ್ನು.

ಕಣಿವೆಯ ಆಚೆಯ ಸಾನ್ ಜುಸೆಪ್ಪೆ ಯಾತೋ ಎಂಬ ಊರಿನಲ್ಲಿ ರಿತ್ಸೊತ್ತೋವಿನ ಹೆಸರಿನ ಸಹಕಾರ ಸಂಘವೊಂದಿದೆ. ಮಾಫಿಯಾದವರಿಂದ ಸರ್ಕಾರವು ಮುಟ್ಟುಗೋಲು ಹಾಕಿಕೊಂಡ ಭೂಮಿಯನ್ನು ಸಾರ್ವಜನಿಕ ಉಪಯೋಗಕ್ಕೆ ಕೊಡಬಹುದೆಂದು ೧೯೯೬ರಲ್ಲಿ ಕಾನೂನಾದ ಮೇಲೆ, ೨೦೦೧ರಲ್ಲಿ ಹುಟ್ಟಿದ ಈ ಸಂಘದವರು ಅಂತಹ ಹೊಲಗಳಲ್ಲಿ ಗೋಧಿಯನ್ನು ಬೆಳೆಯುತ್ತಾರೆ. ಅದರಿಂದ ಮಾಡಿದ ಶ್ಯಾವಿಗೆಯ ಪೊಟ್ಟಣವೊಂದನ್ನು ನಾವು ಕೊಂಡೆವು.

ಕೊನೆಗೆ ಚೀನಿಸಿ. ಪಲೆರ್ಮೋವಿನಿಂದ ಪಶ್ಚಿಮಕ್ಕೆ ವಿಮಾನನಿಲ್ದಾಣದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮೊದಲು ಕಪಾಚಿ ಎಂಬ ಊರು ಬರುತ್ತದೆ. ಮಹಾವಿಚಾರಣೆಗೆ ಆಧಾರವನ್ನು ಕೂಡಿಸಿದ ನ್ಯಾಯಾಧೀಶ ಜೊವಾನ್ನಿ ಫಲ್ಕೋನೆಯನ್ನೂ, ಅವನ ಪತ್ನಿಯನ್ನೂ, ಮೂವರು ಅಂಗರಕ್ಷಕರನ್ನೂ ೧೯೯೨ರ ಮೇ ೨೩ರಂದು ರಸ್ತೆಯಡಿಯಲ್ಲಿ ಹೂತಿಟ್ಟ ಸಿಡಿಮದ್ದಿನಿಂದ ಕೊಂದ ಸ್ಥಳವದು. ಎರಡು ಕಡೆಯೂ ಕಂಬಗಳನ್ನು ನಿಲ್ಲಿಸಿರುವರು. ಬಸ್ಸು ನಿಲ್ಲುವುದಿಲ್ಲ.

ಚೀನಿಸಿಯಲ್ಲಿ ಪೆಪ್ಪೀನೋ ಇಂಪಸ್ತಾತೋ ಎಂಬ ಯುವಕನು ಮಾಫಿಯಾ ಮನೆತನದಲ್ಲಿಯೇ ಹುಟ್ಟಿ, ಅದರ ವಿರುದ್ಧ ನಿಂತನು. ರೇಡಿಯೋ ಕೇಂದ್ರವೊಂದನ್ನು ಸ್ನೇಹಿತರೊಡನೆ ಸ್ಥಾಪಿಸಿ, ಊರಿನ ಮಾಫಿಯಾ ಯಜಮಾನನಾದ ಗಯೆತಾನೋ ಬದಲಾಮೆಂತಿಯನ್ನು ಹಾಸ್ಯ ಮಾಡಿದನು. ಯಜಮಾನನ ಮನೆಯೂ ಇವನ ಮನೆಯೂ ಒಂದೇ ಬೀದಿಯಲ್ಲಿ. ೧೯೭೮ರ ಮೇ ೯ರಂದು ಪೆಪ್ಪೀನೋವಿನ ದೇಹವು ರೈಲುಹಳಿಯ ಮೇಲೆ ಛಿದ್ರವಾಗಿ ಸಿಕ್ಕಿತು. ಹಳಿಗೆ ಬಾಂಬಿಡಲು ಹೋಗಿ ಸತ್ತನೆಂದು ಅಧಿಕಾರಿಗಳು ಹೇಳಿದರು. ಸ್ನೇಹಿತರು ಸಮೀಪದ ಗುಡಿಸಲಿನಲ್ಲಿ ರಕ್ತದ ಕಲೆಯ ಕಲ್ಲುಗಳನ್ನು ಹುಡುಕಿ ತಂದರು. ತಾಯಿ ಫೆಲೀಚಿಯಾ, ಸುಮ್ಮನಿರೆಂದ ಗಂಡನ ಕಡೆಯ ಬಂಧುಗಳ ಸಹವಾಸವನ್ನು ಬಿಟ್ಟು, ತನಗೆ ಪ್ರತೀಕಾರ ಬೇಕಿಲ್ಲ, ನ್ಯಾಯ ಬೇಕೆಂದು ಕೋರ್ಟಿನ ಬಾಗಿಲನ್ನು ತಟ್ಟಿದಳು. ಇಪ್ಪತ್ತನಾಲ್ಕು ವರ್ಷಗಳು ಕಾದ ಮೇಲೆ, ೨೦೦೨ರಲ್ಲಿ, ಬದಲಾಮೆಂತಿಗೆ ಜೀವಾವಧಿ ಶಿಕ್ಷೆಯಾಯಿತು. ಆಕೆಯು ತೀರಿಕೊಂಡುದು ೨೦೦೪ರ ಡಿಸೆಂಬರಿನಲ್ಲಿ.

ಮಾರ್ಕೋ ತುಲ್ಲಿಯೋ ಜೋರ್ದಾನಾ ಎಂಬ ನಿರ್ದೇಶಕನು ೨೦೦೦ದಲ್ಲಿ ಮಾಡಿದ 'ನೂರು ಹೆಜ್ಜೆಗಳು' ಎಂಬರ್ಥದ ಹೆಸರಿನ ಚಿತ್ರವು ಇದೇ ಕತೆ. ಅದರಲ್ಲಿ ಪೆಪ್ಪೀನೋ ರಾತ್ರಿಯಲ್ಲಿ ತಮ್ಮನನ್ನು ಕರೆದುಕೊಂಡು ಹೆಜ್ಜೆಯೆಣಿಸುತ್ತ ಆ ಯಜಮಾನನ ಮನೆಯವರೆಗೆ ನಡೆಯುವ ದೃಶ್ಯವುಂಟು. ಬೆಳೆದ ಮಕ್ಕಳಿರುವ ಮನೆಗಳಲ್ಲಿ ಈ ಚಿತ್ರವನ್ನು ಮೊದಲು ನೋಡಿ, ಗಾಡ್‌ಫಾದರನ್ನು ಆಮೇಲೆ ನೋಡುವುದು ಮೇಲೆಂದು ನಮ್ಮ ಸಲಹೆ. ನಾವೂ ಆ ಬೀದಿಯಲ್ಲಿ ಎಣಿಸುತ್ತ ಹೊರಟೆವು. ನಡುವೆ ತರಕಾರಿಯ ಗಾಡಿಯೊಂದು ಅಡ್ಡಬಂದು ಲೆಕ್ಕವು ತಪ್ಪಿತು. ಬದಲಾಮೆಂತಿಯ ಮನೆಯನ್ನು ಸರ್ಕಾರವು ಮುಟ್ಟುಗೋಲು ಹಾಕಿಕೊಂಡು ಸಾರ್ವಜನಿಕ ಕಾರ್ಯಗಳಿಗೆ ಕೊಟ್ಟಿದೆ. ಫೆಲೀಚಿಯಾಳು ಬದುಕಿರುವವರೆಗೆ ತನ್ನ ಮನೆಯ ಬಾಗಿಲನ್ನು ಬಂದವರಿಗೆಲ್ಲ ತೆರೆದಿಟ್ಟು, ಶಾಲೆಯ ಹುಡುಗರನ್ನು ಕೂರಿಸಿಕೊಂಡು ಮಗನ ಕತೆಯನ್ನು ಹೇಳುತ್ತಿದ್ದಳು. ಈಗ ಆ ಮನೆಯನ್ನು ಸ್ಮಾರಕವಾಗಿ ಅವಳ ಮನೆಯವರು ನಡೆಯಿಸುತ್ತಿರುವರು. ನಾವು ಹೋದಾಗಲೂ ಬಾಗಿಲು ತೆರೆದೇ ಇದ್ದಿತು.